ಎಣ್ಣೆ ತೊಟ್ಟಿಕ್ಕುವ ಜಾಗ, ಎಣ್ಣೆ ಹೊರಡುವ ಜಾಗ

ಮೋಟರ್ ಸೈಕಲ್ಲಿನ ಎಂಜಿನ್ ಆಯಿಲ್ ಸೋರುತ್ತಿದೆ ಎಂದು ಗ್ಯಾರೇಜಿಗೆ ಬರುವವರಲ್ಲಿ ಹೆಚ್ಚಿನವರು ಸೋರುವ ಜಾಗವನ್ನೂ ತಾವೇ ಬೆರಳು ಮಾಡಿ ತೋರಿಸುತ್ತಾರೆ. ಅವರು ತೋರಿಸುವುದು ಬಹುಪಾಲು ಎಣ್ಣೆ ನೆಲಕ್ಕೆ ತೊಟ್ಟಿಕ್ಕುವ ಜಾಗ. ಎಣ್ಣೆ ಎಂಜಿನ್ನಿನಿಂದ ಹೊರಬಿದ್ದದ್ದು ಎಲ್ಲಿಂದ ಎಂಬುದು ಬೇರೆಯೇ ಪ್ರಶ್ನೆ, ಮತ್ತು ದುರಸ್ತಿಯ ಬಹುಪಾಲು ಕೆಲಸ ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಮುಗಿಯುತ್ತದೆ. ಹಳೇ ಹುಬ್ಬಳ್ಳಿಯ ಒಂದು ಸಣ್ಣ ಗ್ಯಾರೇಜಿನಲ್ಲಿ ಸಂಜೆಯ ಹೊತ್ತು ಕಳೆಯುವ ರೂಢಿ ನನಗೆ ಬಹಳ ವರ್ಷಗಳಿಂದ ಇದೆ. ಅಲ್ಲಿ ಹೊಸ ಆಯಿಲ್ ಸೀಲ್ (ಶಾಫ್ಟಿನ ಸುತ್ತ ಕೂತು ಎಣ್ಣೆ ತಡೆಯುವ ರಬ್ಬರ್ ಬಳೆ) ಹಾಕಿಸಿಕೊಂಡು ಹೋದ ಗಾಡಿ ಮತ್ತೆ ಅದೇ ದೂರಿನೊಂದಿಗೆ ಬಂದು ನಿಂತಾಗ, ಹಾಕಿದ ಸೀಲ್ ಕೆಟ್ಟದ್ದಾಗಿರುವುದು ಅಪರೂಪ; ಬದಲಿಸಬೇಕಾಗಿದ್ದ ಸೀಲೇ ಬೇರೆಯಾಗಿರುವುದು ಸಾಮಾನ್ಯ.

ಹೊರಬಿದ್ದ ಎಣ್ಣೆಯನ್ನು ಎರಡು ಶಕ್ತಿಗಳು ಎಳೆದೊಯ್ಯುತ್ತವೆ. ಗಾಡಿ ಓಡುವಾಗ ಎದುರಿನಿಂದ ಬರುವ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ನಿಂತಾಗ ಅದು ತನ್ನ ಭಾರಕ್ಕೆ ಕೆಳಗಿಳಿಯುತ್ತದೆ. ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿದರೆ ಗಾಡಿ ಎಡಕ್ಕೆ ವಾಲುವುದರಿಂದ ಬಲಗಡೆ ಕ್ಲಚ್ ಕವರಿನ ಅಂಚಿನಿಂದ ಹೊರಟ ಎಣ್ಣೆಯೂ ಎಂಜಿನ್ನಿನ ಅಡಿಯನ್ನು ದಾಟಿ ಎಡಗಡೆಯಿಂದ ಉದುರಬಲ್ಲದು. ನಮ್ಮ ಕಡೆ ಅತಿ ಹೆಚ್ಚು ಓಡಾಡುವ ನೂರು ಸಿಸಿಯ ಗಾಡಿಗಳಲ್ಲಿ ಈ ಗೊಂದಲ ಇನ್ನೂ ಒಂದು ಕೈ ಮೇಲು. 1985ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ. 100, 1994ರಲ್ಲಿ ಬಂದ ಸ್ಪ್ಲೆಂಡರ್, ಇವೆರಡರಲ್ಲೂ ಇರುವ 97.2 ಸಿಸಿ ಎಂಜಿನ್ನಿನ ಸಿಲಿಂಡರ್ ಹೆಚ್ಚುಕಡಿಮೆ ಅಡ್ಡಲಾಗಿ ಮಲಗಿರುತ್ತದೆ, ಸಿಲಿಂಡರಿನ ತುದಿಯನ್ನು ಮುಚ್ಚುವ ಹೆಡ್ ಮುಂದಿನ ಗಾಲಿಯ ಕಡೆ ಮುಖ ಮಾಡಿರುತ್ತದೆ. ಹೆಡ್ಡಿನ ಟ್ಯಾಪೆಟ್ ಮುಚ್ಚಳದಲ್ಲಿರುವ ಓ-ರಿಂಗ್ ಎಂಬ ರಬ್ಬರ್ ಬಳೆ ಗಡುಸಾಗಿ ಅಲ್ಲಿಂದ ಜಿನುಗಿದ ಎಣ್ಣೆ ಗಾಳಿಯ ಹೊಡೆತಕ್ಕೆ ಸಿಲಿಂಡರಿನ ರೆಕ್ಕೆಗಳ ಸಂದಿಯಲ್ಲಿ ಹಿಂದೆ ಸರಿಯುತ್ತ, ಎಂಜಿನ್ನಿನ ಕೆಳಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ತಳಕ್ಕಿಳಿದು, ಕೊನೆಗೆ ಹಳೆ ಎಣ್ಣೆ ಇಳಿಸಲು ಬಿಚ್ಚುವ ಡ್ರೇನ್ ಬೋಲ್ಟಿನ ತಲೆಗೆ ಬಂದು ತೂಗುತ್ತದೆ. ನೋಡಿದವರು ಡ್ರೇನ್ ಬೋಲ್ಟೇ ಸಡಿಲವಾಗಿದೆ ಎಂದುಕೊಂಡು ಪಾನಾ (ಸ್ಪ್ಯಾನರ್) ಹಾಕಿ ಬಿಗಿಯುತ್ತಾರೆ. ಮರುದಿನವೂ ಹನಿ ಅಲ್ಲೇ ಇರುತ್ತದೆ, ಆಗ ಇನ್ನಷ್ಟು ಬಿಗಿಯುತ್ತಾರೆ. ಹಾಗೆ ಅಲ್ಯೂಮಿನಿಯಮ್ಮಿನ ಆಟೆ (ಬೋಲ್ಟ್ ಕಚ್ಚಿಕೊಳ್ಳುವ ತಿರುಪಿನ ಗೆರೆ) ಕಿತ್ತುಬಂದು, ಇಲ್ಲದ ಸೋರಿಕೆಯೊಂದು ನಿಜವಾಗಿಯೇ ಹುಟ್ಟಿಕೊಳ್ಳುತ್ತದೆ.

ಇನ್ನು ಕೆಲವು ಸೋರಿಕೆಗಳು ಸೋರಿಕೆಯೇ ಅಲ್ಲ. ಎಂಜಿನ್ನಿನಿಂದ ತೆಗೆದ ಹಳೆಯ ಕರಿ ಎಣ್ಣೆಯನ್ನು ಚೈನಿಗೆ ಬಿಡುವ ಪದ್ಧತಿ ನಮ್ಮಲ್ಲಿ ಮನೆಮನೆಯಲ್ಲೂ ಇದೆ. ಅದು ಚೈನನ್ನು ಓಡಿಸುವ ಹಲ್ಲಿನ ಚಕ್ರವಾದ ಮುಂದಿನ ಸ್ಪ್ರಾಕೆಟ್ಟಿನಿಂದ ಸಿಡಿದು ಕವರಿನ ಒಳಗೆಲ್ಲ ಅಂಟಿ, ಧೂಳಿನೊಡನೆ ಕಲೆತು, ಬಿಸಿಯಾದಾಗ ಕರಗಿ ಕೆಳಗೆ ಸುರಿಯುತ್ತದೆ. ಗೇರ್‌ಬಾಕ್ಸಿನ ಸೀಲ್ ಹೋಗಿದೆ ಎಂಬ ಅನುಮಾನ ಬರುವುದು ಸಹಜ. ವಾಟರ್ ಸರ್ವಿಸಿಂಗ್ ಅಂಗಡಿಯಲ್ಲಿ ಡೀಸೆಲ್ ಸಿಂಪಡಿಸಿ ತೊಳೆದ ಗಾಡಿಯೂ ಎರಡು ಮೂರು ದಿನ ಎಣ್ಣೆ ಜಿನುಗಿದಂತೆ ಮಿನುಗುತ್ತಿರುತ್ತದೆ. ಕಾರ್ಬ್ಯುರೇಟರ್ ಉಕ್ಕಿ ಹರಿದ ಪೆಟ್ರೋಲ್ ಮಾತ್ರ ತನ್ನ ಗುರುತನ್ನು ತಾನೇ ಹೇಳಿಬಿಡುತ್ತದೆ, ಏಕೆಂದರೆ ಅದು ಹರಿದ ದಾರಿಯ ಕೊಳೆಯನ್ನು ತೊಳೆದು ಒಣಗಿಹೋಗುತ್ತದೆ. ಎಣ್ಣೆ ಹರಿದ ದಾರಿಯಲ್ಲಿ ಕೊಳೆ ಬಂದು ಕೂರುತ್ತದೆ.

ಆದ್ದರಿಂದ ಮೊದಲ ಕೆಲಸ ತೊಳೆಯುವುದು. ಇದನ್ನು ಯಾರೂ ಇಷ್ಟಪಟ್ಟು ಮಾಡುವುದಿಲ್ಲ, ಗಿರಾಕಿಯೂ ಇದಕ್ಕೆ ದುಡ್ಡು ಕೊಡಲು ಮನಸ್ಸು ಮಾಡುವುದಿಲ್ಲ. ತಣ್ಣಗಾದ ಎಂಜಿನ್ನಿಗೆ ಚಿಮಣಿ ಎಣ್ಣೆಯನ್ನೋ (ಸೀಮೆಎಣ್ಣೆ) ಡೀಸೆಲ್ಲನ್ನೋ ಬ್ರಷ್ಷಿನಿಂದ ಹಚ್ಚಿ, ರೆಕ್ಕೆಗಳ ಬುಡದಲ್ಲಿ, ಬೋಲ್ಟಿನ ತಲೆಗಳ ಸುತ್ತ, ಸ್ಪ್ರಾಕೆಟ್ ಕವರಿನ ಒಳಗೆ ಕಟ್ಟಿಕೊಂಡ ಜಿಡ್ಡನ್ನೆಲ್ಲ ಕೆರೆದು ತೆಗೆಯಬೇಕು. ಪೆಟ್ರೋಲ್ ಬಳಸುವವರಿದ್ದಾರೆ, ಅದು ಬೇಗ ಕೆಲಸ ಮಾಡುತ್ತದೆ ಎಂಬುದೂ ನಿಜ, ಆದರೆ ಅದರ ಆವಿಗೆ ಒಂದು ಕಿಡಿ ಸಾಕು ಎಂಬ ಕಾರಣಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಬ್ರೇಕಿನ ಡ್ರಮ್ಮಿಗೋ ಡಿಸ್ಕಿಗೋ ಈ ದ್ರವ ತಾಗದಂತೆ ಚೀಲ ಕಟ್ಟುವುದು ಒಳ್ಳೆಯದು. ಬಳಿಕ ಸಾಬೂನಿನ ನೀರಿನಿಂದ ತೊಳೆದು, ಬಟ್ಟೆಯಿಂದ ಒರೆಸಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲಗಳಿಂದ ಬರುವ ಗಾಡಿಗಳಾದರೆ ಮಳೆಗಾಲದಲ್ಲಿ ಈ ಕೆಲಸಕ್ಕೇ ಅರ್ಧ ದಿನ ಬೇಕು. ಆ ಮಣ್ಣು ಎಂಜಿನ್ನಿನ ಅಡಿಗೆ ಮೆತ್ತಿಕೊಂಡು ಗಟ್ಟಿಯಾದ ಮೇಲೆ ಒಳಗೆ ಎಷ್ಟು ಎಣ್ಣೆ ಹೀರಿಕೊಂಡಿದೆ ಎಂಬುದೂ ತಿಳಿಯುವುದಿಲ್ಲ, ಎಂಜಿನ್ನಿನ ಕಾವು ಹೊರಹೋಗುವುದಕ್ಕೂ ಅದು ಅಡ್ಡಿಯಾಗುತ್ತದೆ.

ಒಣಗಿದ ಎಂಜಿನ್ನಿನ ಮೇಲೆ ಮುಖಕ್ಕೆ ಹಚ್ಚುವ ಸಾಧಾರಣ ಟಾಲ್ಕಮ್ ಪೌಡರನ್ನು ತೆಳುವಾಗಿ ಉದುರಿಸಬೇಕು. ಅನುಮಾನವಿರುವ ಜೋಡಣೆಗಳ ಮೇಲೆ, ಅವುಗಳಿಗಿಂತ ಮೇಲೆ ಮತ್ತು ಮುಂದೆ ಇರುವ ಜೋಡಣೆಗಳ ಮೇಲೂ ಅದು ಬೀಳಬೇಕು. ನಂತರ ಗಾಡಿಯನ್ನು ಬಿಸಿಯಾಗುವಷ್ಟು ಓಡಿಸಿಕೊಂಡು ಬರಬೇಕು. ಹಳೇ ಹುಬ್ಬಳ್ಳಿಯಿಂದ ಉಣಕಲ್ ಕೆರೆಯ ತನಕ ಹೋಗಿ ಬಂದರೆ ಸಾಕಾಗುತ್ತದೆ, ಧಾರವಾಡದವರೆಗೆ ಹೋದರೆ ಎಣ್ಣೆ ಹರಡಿ ಮತ್ತೆ ಮೊದಲಿನ ಗೊಂದಲವೇ ಆಗುತ್ತದೆ. ಬಂದ ಕೂಡಲೇ ಮೇನ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಟಾರ್ಚ್ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತು ನೋಡಬೇಕು. ಬಿಳಿಯ ಪೌಡರಿನ ನಡುವೆ ಮೊದಲು ಕೂದಲೆಳೆಯಷ್ಟು ಬೂದುಗೆರೆಯೊಂದು ಕಾಣುತ್ತದೆ. ಕೆಳಗೆ ಹೋದಂತೆ ಅದು ಅಗಲವಾಗುತ್ತದೆ, ಮೇಲಕ್ಕೆ ಹೋದಂತೆ ಸಣ್ಣದಾಗುತ್ತ ಎಲ್ಲೋ ಒಂದು ಕಡೆ ಮೊನೆಯಾಗಿ ನಿಲ್ಲುತ್ತದೆ. ಆ ಮೊನೆಯಿಂದಲೇ ಎಣ್ಣೆ ಹೊರಟಿರುತ್ತದೆ. ಎಣ್ಣೆಗೆ ಬಣ್ಣದ ದ್ರವ ಬೆರೆಸಿ ನೇರಳಾತೀತ ಟಾರ್ಚಿನಲ್ಲಿ ನೋಡುವ ಸಲಕರಣೆಗಳೂ ಸಿಗುತ್ತವೆ, ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಆದರೆ ಒಂಟಿ ಸಿಲಿಂಡರಿನ ಗಾಡಿಗೆ ಪೌಡರಿಗಿಂತ ಹೆಚ್ಚಿನದು ಬೇಕಾದ ಸಂದರ್ಭ ಬಹಳ ಕಡಿಮೆ.

ಹೀಗೆ ಹುಡುಕಿದಾಗ ಸಿಗುವ ಜಾಗಗಳಲ್ಲಿ ಕೆಲವು ಪದೇಪದೇ ಸಿಗುತ್ತವೆ. ಗೇರ್ ಹಾಕುವ ಪೆಡಲಿನ ಶಾಫ್ಟ್ ಎಂಜಿನ್ನಿನಿಂದ ಹೊರಬರುವ ಕಡೆಯಿರುವ ಸಣ್ಣ ಸೀಲ್ ಅವುಗಳಲ್ಲಿ ಮುಖ್ಯವಾದದ್ದು, ಏಕೆಂದರೆ ಚೈನಿನಿಂದ ಸಿಡಿದ ಮಣ್ಣು ಮರಳು ಅದರ ಬಾಯಿಗೇ ಬಡಿಯುತ್ತಿರುತ್ತದೆ. ಕಿಕ್ ಶಾಫ್ಟಿನ ಸೀಲಿನದೂ ಹೆಚ್ಚುಕಡಿಮೆ ಇದೇ ಕಥೆ. ಮುಂದಿನ ಸ್ಪ್ರಾಕೆಟ್ಟಿನ ಹಿಂದಿರುವ ಸೀಲ್ ಹೋಗಿದ್ದರೆ ಬರೀ ಸೀಲ್ ನೋಡಿ ಸುಮ್ಮನಾಗದೆ ಚೈನಿನ ಬಿಗುವನ್ನೂ ನೋಡಬೇಕು. ಅತಿ ಬಿಗಿಯಾದ ಚೈನ್ ಆ ಶಾಫ್ಟನ್ನು ಸದಾ ಹಿಂದಕ್ಕೆ ಜಗ್ಗಿ ಬೇರಿಂಗನ್ನು ಸವೆಸುತ್ತದೆ, ಬೇರಿಂಗ್ ಸಡಿಲಾಗಿ ಅದರಲ್ಲಿ ಆಟ ಬಂದ ಮೇಲೆ ಹೊಸ ಸೀಲಿನ ತುಟಿಯೂ ಶಾಫ್ಟಿಗೆ ಸರಿಯಾಗಿ ಕೂರುವುದಿಲ್ಲ. ಕರೆಂಟು ಹುಟ್ಟಿಸುವ ಮ್ಯಾಗ್ನೆಟ್ ಒಣಗಿದ್ದುಕೊಂಡೇ ತಿರುಗುವ ವಿನ್ಯಾಸದ ಎಂಜಿನ್ನುಗಳಲ್ಲಿ ಮ್ಯಾಗ್ನೆಟ್ ಕವರಿನ ಅಡಿಯಿಂದ ಎಣ್ಣೆ ಬಂದರೆ ಕವರಿನ ಪ್ಯಾಕಿಂಗಿಗೆ (ಎರಡು ಲೋಹದ ಮುಖಗಳ ನಡುವೆ ಹಾಕುವ ಹಾಳೆ) ಕೈ ಹಚ್ಚಿ ಉಪಯೋಗವಿಲ್ಲ, ಒಳಗಿನ ಕ್ರ್ಯಾಂಕ್ ಸೀಲಿನಿಂದಲೋ ಮ್ಯಾಗ್ನೆಟ್ ಪ್ಲೇಟಿನ ಓ-ರಿಂಗಿನಿಂದಲೋ ಅದು ಬಂದಿರುತ್ತದೆ. ಅಲ್ಲಿ ಎಣ್ಣೆ ಇರಲೇಬಾರದು.

ಒಂದೇ ಕಡೆ ಬದಲು ನಾಲ್ಕೈದು ಕಡೆ ಏಕಕಾಲಕ್ಕೆ ಜಿನುಗುವ ಗಾಡಿಗಳದ್ದು ಬೇರೆ ಜಾತಿ. ಇಲ್ಲಿ ಸೀಲುಗಳನ್ನು ಬಿಟ್ಟು ಎಂಜಿನ್ನಿನ ಒಳಗಿನ ಒತ್ತಡದ ಬಗ್ಗೆ ಯೋಚಿಸಬೇಕು. ಪಿಸ್ಟನ್ ಕೆಳಗಿಳಿದಾಗಲೆಲ್ಲ ತನ್ನ ಕೆಳಗಿನ ಗಾಳಿಯನ್ನು ಅದುಮುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಹೀಗೆ ಸೆಕೆಂಡಿಗೆ 50 ಬಾರಿ ಆಗುತ್ತದೆ. ಇದರ ಜೊತೆಗೆ ಉರಿದ ಅನಿಲ ಸ್ವಲ್ಪಮಟ್ಟಿಗೆ ಪಿಸ್ಟನ್ನಿನ ಸುತ್ತಲಿನ ರಿಂಗುಗಳನ್ನು ದಾಟಿ ಕೆಳಕ್ಕಿಳಿಯುತ್ತದೆ. ಈ ಗಾಳಿ ಹೊರಹೋಗಲೆಂದೇ ಬ್ರೀದರ್ ಪೈಪ್ ಇದೆ. ಆ ಪೈಪ್ ಮಡಚಿಕೊಂಡೋ ಕೆಸರು ತುಂಬಿಯೋ ಮುಚ್ಚಿಹೋದರೆ, ಸೀಟಿ ಕಟ್ಟಿಕೊಂಡ ಕುಕ್ಕರಿನಲ್ಲಿ ಉಗಿ ಮುಚ್ಚಳದ ಸುತ್ತ ದಾರಿ ಹುಡುಕುವಂತೆ ಇಲ್ಲಿಯೂ ಒತ್ತಡ ಎಲ್ಲಿ ದುರ್ಬಲವಾಗಿದೆಯೋ ಅಲ್ಲಿಂದ ಎಣ್ಣೆಯನ್ನು ಹೊರತಳ್ಳುತ್ತದೆ. ಪೈಪ್ ತೆರೆದೇ ಇದ್ದು ಅದರ ತುದಿಯಿಂದ ಒಂದೇ ಸಮನೆ ಹೊಗೆ ಬರುತ್ತಿದ್ದರೆ, ಏರ್ ಫಿಲ್ಟರಿನ ಡಬ್ಬಿಯಲ್ಲಿ ಎಣ್ಣೆ ನಿಂತಿದ್ದರೆ, ರಿಂಗು ಅಥವಾ ಸಿಲಿಂಡರು ಸವೆದಿದೆ ಎಂದರ್ಥ. ಅಂಥ ಎಂಜಿನ್ನಿಗೆ ಹೊಸ ಸೀಲುಗಳನ್ನು ಹಾಕುವುದು ಗಿರಾಕಿಯ ದುಡ್ಡನ್ನು ಗಟಾರಕ್ಕೆ ಹಾಕಿದಂತೆಯೇ. ಇದಕ್ಕಿಂತ ಸರಳವಾದ ಕಾರಣವೂ ಒಂದಿದೆ: ಅಳತೆ ಮೀರಿ ಹೊಯ್ದ ಎಣ್ಣೆ. ಸ್ಪ್ಲೆಂಡರಿನಂಥ ಗಾಡಿಗೆ ಎಣ್ಣೆ ಬದಲಿಸುವಾಗ ಹಿಡಿಯುವುದು ಸುಮಾರು 0.9 ಲೀಟರ್. ಡಬ್ಬಿ ತೆರೆದಿದ್ದೇವಲ್ಲ ಎಂದು ಒಂದು ಲೀಟರನ್ನೂ ಬೋರಲು ಹಾಕುವ ಕೈಗಳನ್ನು ನಾನು ಬಹಳ ನೋಡಿದ್ದೇನೆ.

ಹಳೆಯ ಬುಲೆಟ್ಟಿನ ವಿಚಾರ ಬಂದರೆ ಈ ಮಾತುಗಳನ್ನೆಲ್ಲ ತುಸು ತಿದ್ದಿಕೊಳ್ಳಬೇಕಾಗುತ್ತದೆ. ಕಾಸ್ಟ್ ಐರನ್ ಸಿಲಿಂಡರಿನ 346 ಸಿಸಿಯ ಆ ಎಂಜಿನ್ನಿನಲ್ಲಿ ಎಣ್ಣೆ ಒಂದೇ ಕಡೆ ಇರುವುದಿಲ್ಲ. ಎಂಜಿನ್ನಿಗೆ ಒಂದು, ಎಡಗಡೆಯ ಪ್ರೈಮರಿ ಚೈನಿನ ಡಬ್ಬಿಗೆ ಇನ್ನೊಂದು, ಗೇರ್‌ಬಾಕ್ಸಿಗೆ ಮತ್ತೊಂದು. ಹನಿಯನ್ನು ಬೆರಳಿಗೆ ಹಚ್ಚಿ ಮೂಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ, ಏಕೆಂದರೆ ಗೇರ್ ಆಯಿಲ್ಲಿಗೆ ಗಂಧಕದ ಘಾಟು ಇರುತ್ತದೆ. ಪ್ರೈಮರಿ ಡಬ್ಬಿಯ ಮುಚ್ಚಳವನ್ನು ಹಿಡಿದಿರುವುದು ನಡುವಿನ ಒಂದೇ ಒಂದು ನಟ್ಟು. ಅದನ್ನು ಬಲವಾಗಿ ಬಿಗಿದಷ್ಟೂ ಮುಚ್ಚಳ ನಡುವೆ ತಗ್ಗಿ ಅಂಚಿನಲ್ಲಿ ಎದ್ದು ಸೋರಿಕೆ ಹೆಚ್ಚಾಗುತ್ತದೆ, ಸುತ್ತಲಿನ ರಬ್ಬರ್ ಹೊಸದಾಗಿದ್ದರೆ ಹಗುರ ಬಿಗಿತವೇ ಸಾಕು. ವಾರಗಟ್ಟಲೆ ನಿಲ್ಲಿಸಿದ ಬುಲೆಟ್ಟಿನಲ್ಲಿ ಆಯಿಲ್ ಟ್ಯಾಂಕಿನ ಎಣ್ಣೆ ಪಂಪನ್ನು ದಾಟಿ ನಿಧಾನವಾಗಿ ಕ್ರ್ಯಾಂಕ್ ಇರುವ ಕಡೆಗೆ ಇಳಿದುಬಿಡುತ್ತದೆ. ಮತ್ತೆ ಕಿಕ್ ಹೊಡೆದಾಗ ಆ ಹೆಚ್ಚಿನ ಎಣ್ಣೆಯನ್ನು ಕ್ರ್ಯಾಂಕ್ ಚಿಮ್ಮಿಸಿ ಬ್ರೀದರಿನಿಂದ ಹೊರಹಾಕುತ್ತದೆ, ನೋಡಿದವರಿಗೆ ಎಂಜಿನ್ನೇ ಒಡೆದಂತೆ ಕಾಣುತ್ತದೆ. ಸ್ವಲ್ಪ ಹೊತ್ತು ಓಡಿದ ಮೇಲೆ ಅದು ನಿಂತರೆ ಬಿಚ್ಚುವ ಅಗತ್ಯವಿಲ್ಲ. ಬ್ರೀದರಿನ ತುದಿಯಲ್ಲಿರುವ ಎರಡು ತುಟಿಯ ರಬ್ಬರ್ ಕವಾಟ ಸೀಳಿದೆಯೇ ಎಂದು ಮಾತ್ರ ನೋಡಬೇಕು. ಗಾಳಿಯನ್ನು ಹೊರಗೆ ಬಿಟ್ಟು ಒಳಗೆ ಬಿಡದಿರುವುದು ಅದರ ಕೆಲಸ.

ಪ್ಯಾಕಿಂಗ್ ಬದಲಿಸುವ ಕೆಲಸದಲ್ಲಿ ಅವಸರ ಎಷ್ಟು ಹಾನಿ ಮಾಡುತ್ತದೋ ಸಿಲಿಕಾನ್ ಪೇಸ್ಟೂ ಅಷ್ಟೇ ಹಾನಿ ಮಾಡುತ್ತದೆ. ಒಮ್ಮೆ ಒಬ್ಬರು ನಿಂತ ಕಾಲಲ್ಲೇ, ‘ಲಗೂನ ಹೋಗಬೇಕ್ರಿ ಮಿಸ್ತ್ರಿ, ಏನರೆ ಹಚ್ಚಿ ಬಂದ್ ಮಾಡ್ರಿ’ ಎಂದರು. ಮಿಸ್ತ್ರಿ ತಲೆಯೆತ್ತದೆ, ‘ಲಗೂ ಬೇಕಂದ್ರ ಪೇಸ್ಟ್ ಹಚ್ಚಿ ಕಳಸ್ತೀನ್ರಿ ಸರ, ಆದ್ರ ಎಂಟ ದಿನಕ್ಕ ಮತ್ತ ಇಲ್ಲೇ ಬರ್ತೀರಿ’ ಎಂದ. ಹೊರಗಿನಿಂದ ಮೆತ್ತಿದ ಪೇಸ್ಟ್ ಎಣ್ಣೆಯ ಪಸೆಯಿರುವ ಲೋಹಕ್ಕೆ ಅಂಟುವುದೇ ಇಲ್ಲ. ಒಳಗೆ ಧಾರಾಳವಾಗಿ ಹಚ್ಚಿದ ಪೇಸ್ಟ್ ಕವರ್ ಬಿಗಿದಾಗ ಎರಡೂ ಕಡೆ ಉಕ್ಕುತ್ತದೆ: ಹೊರಗೆ ಉಕ್ಕಿದ್ದು ಕಣ್ಣಿಗೆ ಕಾಣುತ್ತದೆ, ಒಳಗೆ ಉಕ್ಕಿದ್ದು ತುಂಡಾಗಿ ಎಣ್ಣೆಯೊಡನೆ ತೇಲಿ ಎಣ್ಣೆ ಸೋಸುವ ಜಾಲರಿಗೆ ಬಂದು ಕೂರುತ್ತದೆ. ಜಾಲರಿ ಕಟ್ಟಿಕೊಂಡರೆ ಹೆಡ್ಡಿಗೆ ಎಣ್ಣೆ ಏರುವುದಿಲ್ಲ. ನಾಲ್ಕು ಹನಿ ಉಳಿಸಲು ಹೋಗಿ ಕ್ಯಾಮ್ ಶಾಫ್ಟ್ (ಹೆಡ್ಡಿನಲ್ಲಿ ಕವಾಟಗಳನ್ನು ಆಡಿಸುವ ಶಾಫ್ಟ್) ಕಳೆದುಕೊಂಡ ಎಂಜಿನ್ನುಗಳು ಇವೆ. ಪೇಸ್ಟ್ ಬಳಸಲೇಬೇಕಾದಲ್ಲಿ, ಎರಡು ಕ್ರ್ಯಾಂಕ್‌ಕೇಸುಗಳ ಸೇರುವಿಕೆಯಂಥ ಕಡೆ, ಬೆರಳಿನ ಗೆರೆ ಕಾಣುವಷ್ಟು ತೆಳುವಾಗಿ ಹಚ್ಚಿದರೆ ಸಾಕು.

ನಮ್ಮ ಗ್ಯಾರೇಜಿಗೆ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಫಿಟರ್ ಕಾಕಾ ಒಬ್ಬರು ಬಂದು ಕೂರುತ್ತಿದ್ದರು. ಅಂಗಡಿಯಲ್ಲಿ ಸಿಗದ ಹಳೆಯ ಗಾಡಿಯ ಪ್ಯಾಕಿಂಗನ್ನು ಅವರು ಆಯಿಲ್ ಪೇಪರಿನಲ್ಲಿ ಕತ್ತರಿಸುವುದನ್ನು ನೋಡುವುದೇ ಒಂದು ಪಾಠವಾಗಿತ್ತು. ಕವರನ್ನು ಮುಖ ಮೇಲಾಗಿ ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಹಾಳೆ ಹಾಸಿ, ಮೊದಲು ಮೂಲೆಯ ಎರಡು ಬೋಲ್ಟಿನ ತೂತುಗಳ ಮೇಲೆ ಸುತ್ತಿಗೆಯ ಗುಂಡು ತಲೆಯನ್ನು ಒಂದು ಸಲ ಮುಟ್ಟಿಸುತ್ತಿದ್ದರು. ದುಂಡನೆಯ ಚಕ್ಕೆ ಒಳಗೆ ಬೀಳುತ್ತಿತ್ತು. ಆ ತೂತುಗಳಲ್ಲಿ ಬೋಲ್ಟ್ ಇಳಿಸಿದರೆ ಹಾಳೆ ಕದಲುವಂತಿರಲಿಲ್ಲ. ಆಮೇಲೆ ಅಂಚಿನುದ್ದಕ್ಕೂ ಟಿಕ್ ಟಿಕ್ ಎಂದು ಸುತ್ತಿಗೆ ಓಡುತ್ತಿತ್ತು, ಕವರಿನ ಅಂಚೇ ಹಾಳೆಯನ್ನು ಕೊರೆಯುತ್ತಿತ್ತು. ಹುಡುಗನೊಬ್ಬ ತಾನೂ ಮಾಡಲು ಹೋದಾಗ, ‘ತಮ್ಮಾ, ಬಡಿಬ್ಯಾಡೋ, ಮುಟ್ಟಿಸು ಸಾಕು’ ಎನ್ನುತ್ತಿದ್ದರು. ಅಲ್ಯೂಮಿನಿಯಮ್ಮಿನ ಅಂಚಿಗೆ ಬಿದ್ದ ಏಟು ತಾನೇ ಹೊಸ ಸೋರಿಕೆಯ ದಾರಿಯಾಗುತ್ತದೆ ಎಂಬುದು ಅವರ ಎಚ್ಚರ. ಸಿಲಿಂಡರಿನ ಬುಡದ ಪ್ಯಾಕಿಂಗಿಗೆ ಮಾತ್ರ ಮೊದಲಿದ್ದಷ್ಟೇ ದಪ್ಪದ ಹಾಳೆಯನ್ನೇ ಹುಡುಕುತ್ತಿದ್ದರು, ದಪ್ಪ ಹೆಚ್ಚಾದರೆ ಸಿಲಿಂಡರ್ ಮೇಲೆದ್ದು ಕಂಪ್ರೆಷನ್ ಇಳಿಯುತ್ತದೆ.

ಹಳೆಯ ಪ್ಯಾಕಿಂಗ್ ಕೀಳಲು ಸ್ಕ್ರೂಡ್ರೈವರ್ ತೂರಿಸುವುದು ಇನ್ನೊಂದು ಕೆಟ್ಟ ಚಾಳಿ. ಲೋಹದ ಮುಖದಲ್ಲಿ ಅಡ್ಡಲಾಗಿ ಒಂದು ಗೀರು ಬಿದ್ದರೆ ಎಂಥ ಒಳ್ಳೆಯ ಪ್ಯಾಕಿಂಗ್ ಹಾಕಿದರೂ ಎಣ್ಣೆ ಆ ಗೀರಿನಲ್ಲೇ ಹಾದು ಬರುತ್ತದೆ. ಕವರಿನ ಮುಖ ಸಮವಾಗಿದೆಯೇ ಎಂಬ ಅನುಮಾನವಿದ್ದರೆ ದಪ್ಪ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ ಅದರ ಮೇಲೆ ಕವರನ್ನು ಹಗುರಾಗಿ ಆಡಿಸಿ ನೋಡಬಹುದು. ಎದ್ದ ಜಾಗಗಳು ಮೊದಲು ಹೊಳೆಯುತ್ತವೆ. ಬೋಲ್ಟುಗಳನ್ನು ಒಂದೇ ಕಡೆಯಿಂದ ಸುತ್ತ ಬಿಗಿಯುತ್ತ ಹೋಗದೆ ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಕವರುಗಳ 6 ಮಿ.ಮೀ. ಬೋಲ್ಟುಗಳಿಗೆ 10 ನ್ಯೂಟನ್ ಮೀಟರಿನ ಆಸುಪಾಸಿನ ಬಿಗಿತ ಸಾಕು, ಅದು ಟಿ ಪಾನಾವನ್ನು ಒಂದೇ ಕೈಯಲ್ಲಿ ಹಿಡಿದು ಮಣಿಕಟ್ಟಿನಿಂದ ತಿರುವಿದಷ್ಟೇ.

ಆಯಿಲ್ ಸೀಲ್ ಕೊಳ್ಳುವಾಗ ಗಾಡಿಯ ಹೆಸರು ಹೇಳುವುದಕ್ಕಿಂತ ಹಳೆಯ ಸೀಲನ್ನು ಒಯ್ಯುವುದು ಲೇಸು. ಅದರ ಬೆನ್ನಿನ ಮೇಲೆ 20-34-7 ಎಂಬಂತೆ ಮೂರು ಅಂಕಿಗಳಿರುತ್ತವೆ: ಒಳವ್ಯಾಸ, ಹೊರವ್ಯಾಸ, ದಪ್ಪ, ಎಲ್ಲವೂ ಮಿಲಿಮೀಟರಿನಲ್ಲಿ. ತೆಗೆದ ಸೀಲಿನ ತುಟಿಯನ್ನು ಉಗುರಿನಿಂದ ಮಡಚಿ ನೋಡಿದರೆ ಅದು ಹೋಗಿರುವುದೇಕೆಂದು ತಿಳಿಯುತ್ತದೆ. ಕಾವಿಗೆ ಬೆಂದದ್ದಾದರೆ ಅದು ಬಾಗದೆ ಚಟ್ಟನೆ ಸೀಳುತ್ತದೆ, ಇನ್ನೂ ಮೆತ್ತಗಿದ್ದರೆ ಶಾಫ್ಟಿನಲ್ಲೇ ತೋಡು ಬಿದ್ದಿದೆಯೇ, ಬೇರಿಂಗಿನಲ್ಲಿ ಆಟವಿದೆಯೇ ಎಂದು ಹುಡುಕಬೇಕು. ಹೊಸದನ್ನು ಕೂರಿಸುವಾಗ ಒಳಗಿನ ಸಣ್ಣ ಸುರುಳಿ ಸ್ಪ್ರಿಂಗ್ ಕಾಣುವ ಮುಖ ಎಣ್ಣೆಯ ಕಡೆಗಿರಬೇಕು, ತುಟಿಗೆ ಒಂದಿಷ್ಟು ಗ್ರೀಸ್ ಹಚ್ಚಿರಬೇಕು, ಶಾಫ್ಟಿನ ಹಲ್ಲುಗಳು ತುಟಿಯನ್ನು ಕೊಯ್ಯದಂತೆ ಅವುಗಳ ಮೇಲೆ ಟೇಪ್ ಸುತ್ತಿರಬೇಕು. ಸೀಲಿನ ಹೊರ ಅಂಚಿನಷ್ಟೇ ಅಗಲದ ಸಾಕೆಟ್ ಇಟ್ಟು ನೇರವಾಗಿ ಒತ್ತಿದರೆ ಅದು ಸೊಟ್ಟಗಾಗದೆ ಕೂರುತ್ತದೆ.

ಡ್ರೇನ್ ಬೋಲ್ಟಿನ ಬಗ್ಗೆ ಹೇಳುವುದು ಕಡಿಮೆ. ಅದರ ವಾಷರ್ ಮೆತ್ತನೆಯ ಲೋಹದ್ದು, ಒಮ್ಮೆ ಅಮುಕಿಕೊಂಡ ಮೇಲೆ ಮತ್ತೆ ಅಷ್ಟು ಚೆನ್ನಾಗಿ ಕೂರುವುದಿಲ್ಲ, ಆದ್ದರಿಂದ ಪ್ರತಿ ಸಲವೂ ಹೊಸದನ್ನು ಹಾಕುವುದು ಸರಿ. ಬಿಗಿತ 30 ನ್ಯೂಟನ್ ಮೀಟರ್ ಎಂದಿಟ್ಟುಕೊಂಡರೆ, ಕಾಲು ಮೀಟರ್ ಉದ್ದದ ಪಾನಾದ ತುದಿಯಲ್ಲಿ ಸುಮಾರು 12 ಕಿಲೋ ತೂಕದಷ್ಟು ಜಗ್ಗಿದರಾಯಿತು. ಪಾನಾದ ಮೇಲೆ ಕಾಲಿಟ್ಟು ತುಳಿಯುವ ಕೆಲಸ ಅದಲ್ಲ. ಆಟೆ ಆಗಲೇ ಹೋಗಿದ್ದರೆ ಎಂ-ಸೀಲ್ ಮೆತ್ತುವ ಬದಲು ಲೇಥಿನವರ ಹತ್ತಿರ ಉಕ್ಕಿನ ಸುರುಳಿ ಆಟೆ ಹಾಕಿಸಿಕೊಳ್ಳಬೇಕು. ಮುಂದಿನ ಶಾಕ್ ಅಬ್ಸಾರ್ಬರಿನಿಂದ ಇಳಿಯುವ ಎಣ್ಣೆಯನ್ನು ಮಾತ್ರ ಒಂದು ದಿನವೂ ಮುಂದೂಡಬಾರದು, ಅದು ನೇರವಾಗಿ ಬ್ರೇಕಿನ ಮೇಲೆ ಇಳಿಯುತ್ತದೆ. ಧೂಳಿನ ಕಣ ಸಿಕ್ಕಿಕೊಂಡಷ್ಟೇ ಆಗಿದ್ದರೆ ಎಕ್ಸ್‌ರೇ ಹಾಳೆಯ ತೆಳು ಪಟ್ಟಿಯನ್ನು ಸೀಲಿನ ತುಟಿಯಡಿ ಸುತ್ತ ಆಡಿಸಿ ತೆಗೆದರೆ ಎಷ್ಟೋ ಸಲ ಸೋರಿಕೆ ನಿಲ್ಲುತ್ತದೆ, ಆದರೆ ರಾಡಿನ ಮೇಲೆ ತುಕ್ಕಿನ ಚುಕ್ಕೆಗಳಿದ್ದರೆ ಯಾವ ಸೀಲೂ ತಾಳುವುದಿಲ್ಲ.

ಸಿಕ್ಕ ಸೋರಿಕೆಯನ್ನೆಲ್ಲ ಕೂಡಲೇ ಬಿಚ್ಚಿ ಸರಿಪಡಿಸಬೇಕು ಎಂಬುದನ್ನು ನಾನು ನಂಬುವುದಿಲ್ಲ. ಸಿಲಿಂಡರಿನ ಬುಡದಲ್ಲಿ ಪೌಡರ್ ತೇವವಾಗುವಷ್ಟು ಮಾತ್ರ ಜಿನುಗಿ, ನೆಲಕ್ಕೆ ಹನಿ ಬೀಳದೆ, ಹಿಂದಿನ ಟಯರಿನ ಕಡೆ ಸಿಡಿಯದೆ ಇದ್ದರೆ, ರಿಂಗ್ ಬದಲಿಸಲು ಹೇಗಿದ್ದರೂ ಒಂದು ದಿನ ಎಂಜಿನ್ ಬಿಚ್ಚುವವರೆಗೆ ಅದನ್ನು ಹಾಗೆಯೇ ಬಿಡಬಹುದು. ಎಣ್ಣೆ ಟಯರಿಗೆ ತಲುಪುವಂತಿದ್ದರೆ ಅದು ಬೇರೆ ಮಾತು, ಆ ಗಾಡಿಯನ್ನು ಅಂದೇ ನಿಲ್ಲಿಸಬೇಕು. ಹಿಂಗಾರಿ ಬಿತ್ತನೆಯ ದಿನಗಳಲ್ಲಿ ಹೊಲಕ್ಕೂ ಊರಿಗೂ ಬಿಡುವಿಲ್ಲದೆ ಓಡುವ ಗಾಡಿಗಳಿಗೆ ಸೋರಿಕೆಗಿಂತ ಹೆಚ್ಚು ಅಪಾಯ ತರುವುದು ಅಳತೆ ನೋಡದಿರುವುದು. 0.9 ಲೀಟರಿನಲ್ಲಿ ಕಾಲುಭಾಗ ಖಾಲಿಯಾದರೂ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆ ಗಾಡಿಯನ್ನು ಸಮ ನೆಲದ ಮೇಲೆ ಮೇನ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಎಂಜಿನ್ ಸ್ವಲ್ಪ ಓಡಿಸಿ ಬಂದ್ ಮಾಡಿ, ಎರಡು ಮೂರು ನಿಮಿಷ ಬಿಟ್ಟು ಎಣ್ಣೆಯ ಮಟ್ಟ ಅಳೆಯುವ ಡಿಪ್‌ಸ್ಟಿಕ್ ಒರೆಸಿ ಇಳಿಸಿ ನೋಡಬೇಕು. ಕೆಲವು ಗಾಡಿಗಳಲ್ಲಿ ಅದನ್ನು ತಿರುವದೆ ಸುಮ್ಮನೆ ಇಳಿಸಬೇಕು, ಕೆಲವುಗಳಲ್ಲಿ ತಿರುವಿ ಕೂರಿಸಬೇಕು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಅದು ಬರೆದಿರುತ್ತದೆ. ಕಡಿಮೆಯಾದಷ್ಟನ್ನು ಅದೇ ದರ್ಜೆಯ ಎಣ್ಣೆಯಿಂದ ತುಂಬಬೇಕು. ಸೋರಿಕೆ ನಿಲ್ಲಲೆಂದು ಕಾರಿಗೆ ಮೀಸಲಾದ ಎಣ್ಣೆಯನ್ನು ಹೊಯ್ದರೆ, ಎಣ್ಣೆಯಲ್ಲೇ ಮುಳುಗಿ ಕೆಲಸ ಮಾಡುವ ಈ ಗಾಡಿಗಳ ಕ್ಲಚ್ ಜಾರತೊಡಗಿ ಇನ್ನೊಂದು ದುರಸ್ತಿ ತಲೆಗೆ ಬರಬಹುದು.